ನೋವಿಗೆ ಕೊಡುವ ಹಾರ್ಮೋನ್ ಮಾತ್ರೆ ಮಗುವಾಗುವುದನ್ನು ತಪ್ಪಿಸುತ್ತದೆಯೇ? ಎಂಡೊಮೆಟ್ರಿಯೋಸಿಸ್ ಮತ್ತು ಐವಿಎಫ್‌ಗೆ ಮುಂಚಿನ ತಿಂಗಳುಗಳು

ಮುಟ್ಟಿನ ಹೊಟ್ಟೆನೋವಿನ ಬಗ್ಗೆ ಫ್ಯಾಮಿಲಿ ಗ್ರೂಪುಗಳಲ್ಲಿ ಓಡಾಡುವ ಸಂದೇಶಗಳಲ್ಲಿ ಎರಡು ಬಗೆಯವು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಒಂದು ಹೆದರಿಸುತ್ತದೆ: ಹಾರ್ಮೋನ್ ಮಾತ್ರೆ ನುಂಗಿದರೆ ಗರ್ಭಕೋಶ ಒಣಗಿಹೋಗುತ್ತದೆ, ಆಮೇಲೆ ಮಕ್ಕಳಾಗುವುದಿಲ್ಲ, ಮಾತ್ರೆ ಬಿಟ್ಟು ಈ ಕಷಾಯ ಕುಡಿಯಿರಿ. ಇನ್ನೊಂದು ಆಸೆ ಹುಟ್ಟಿಸುತ್ತದೆ: ಐವಿಎಫ್‌ಗೆ ಮುಂಚೆ ಮೂರು ತಿಂಗಳು ಹಾರ್ಮೋನ್ ಇಂಜೆಕ್ಷನ್ ಹಾಕಿಸಿಕೊಂಡರೆ ಕಾಯಿಲೆ ಬುಡಸಹಿತ ಹೋಗಿ ಮೊದಲ ಸಲವೇ ಗರ್ಭ ನಿಲ್ಲುತ್ತದೆ. ಮೊದಲನೆಯದನ್ನು ನಂಬಿದವರು ಸುಮ್ಮನೆ ನೋವು ತಿನ್ನುತ್ತಾರೆ. ಎರಡನೆಯದನ್ನು ನಂಬಿದವರಲ್ಲಿ ಕೆಲವರು ವಾಪಸ್ ಬಾರದ ತಿಂಗಳುಗಳನ್ನು ಕಳೆದುಕೊಳ್ಳುತ್ತಾರೆ.

ಎರಡರಲ್ಲೂ ಒಂದೊಂದು ಎಳೆ ನಿಜವಿದೆ, ತೊಂದರೆ ಇರುವುದೇ ಅಲ್ಲಿ. ಆ ಎಳೆ ಎಲ್ಲಿಯವರೆಗೆ ನಿಜ, ಎಲ್ಲಿಂದ ಸುಳ್ಳು ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಮೊದಲೇ ಒಂದು ಮಾತು: ಇಲ್ಲಿ ಬರೆದಿರುವುದು ನಿಮ್ಮ ವೈದ್ಯರ ಬಳಿ ಕುಳಿತಾಗ ಏನು ಕೇಳಬೇಕು ಎಂದು ತಿಳಿಯುವುದಕ್ಕೆ. ಇದನ್ನು ಓದಿ ಮಾತ್ರೆ ಶುರು ಮಾಡುವುದೂ ಬೇಡ, ನಿಲ್ಲಿಸುವುದೂ ಬೇಡ.

ಈ ಕಾಯಿಲೆ ಏನು?

ಗರ್ಭಕೋಶದ ಒಳಗೆ ಒಂದು ಪೊರೆ ಇರುತ್ತದೆ. ಪ್ರತಿ ತಿಂಗಳು ಅದು ದಪ್ಪಗಾಗಿ, ಗರ್ಭ ನಿಲ್ಲದಿದ್ದರೆ ಕಳಚಿ ಮುಟ್ಟಾಗಿ ಹೊರಬರುತ್ತದೆ. ಇದೇ ಬಗೆಯ ಪೊರೆ ಗರ್ಭಕೋಶದ ಹೊರಗೆ, ಅಂದರೆ ಅಂಡಾಶಯದ ಮೇಲೆ, ಹೊಟ್ಟೆಯ ಒಳಗೋಡೆಯ ಮೇಲೆ, ಗರ್ಭಕೋಶಕ್ಕೂ ಮಲನಾಳಕ್ಕೂ ನಡುವಿನ ಸಂದಿಯಲ್ಲಿ, ಕೆಲವೊಮ್ಮೆ ಕರುಳು ಅಥವಾ ಮೂತ್ರಕೋಶದ ಮೇಲೆ ಬೆಳೆದರೆ ಅದು ಎಂಡೊಮೆಟ್ರಿಯೋಸಿಸ್. ಒಳಗಿನ ಪೊರೆಯಂತೆ ಇದೂ ಹಾರ್ಮೋನುಗಳಿಗೆ ಸ್ಪಂದಿಸುತ್ತದೆ, ಒಸರುತ್ತದೆ. ಆದರೆ ಆ ರಕ್ತಕ್ಕೆ ಹೊರಹೋಗುವ ದಾರಿ ಇಲ್ಲ. ಸುತ್ತ ಉರಿಯೂತವಾಗುತ್ತದೆ, ಗಾಯ ಮಾಗಿ ಕಲೆಯಾಗುತ್ತದೆ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದೊಳಗೆ ಹಳೆಯ ರಕ್ತ ಸೇರಿ ಗಟ್ಟಿಯಾದ ಕಂದು ದ್ರವದ ಚೀಲವಾದರೆ ಅದನ್ನೇ ಸ್ಕ್ಯಾನ್ ರಿಪೋರ್ಟಿನಲ್ಲಿ ‘ಚಾಕೊಲೇಟ್ ಸಿಸ್ಟ್’ ಎನ್ನುವುದು. ಚಾಕೊಲೇಟ್ ತಿನ್ನುವುದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಬಣ್ಣ ನೋಡಿ ಇಟ್ಟ ಹೆಸರು ಅಷ್ಟೆ.

ಪೊರೆ ಅಲ್ಲಿಗೆ ಹೋದದ್ದು ಹೇಗೆ? ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ 1927ರಲ್ಲಿ ಒಂದು ವಿವರಣೆ ಕೊಟ್ಟರು: ಮುಟ್ಟಿನ ರಕ್ತದ ಒಂದಿಷ್ಟು ಭಾಗ ಅಂಡನಾಳದ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುತ್ತದೆ, ಅದರಲ್ಲಿನ ಜೀವಕೋಶಗಳು ಅಲ್ಲೇ ಬೇರುಬಿಡುತ್ತವೆ. ಇವತ್ತಿಗೂ ಹೆಚ್ಚು ಒಪ್ಪಿಗೆಯಾಗಿರುವ ವಿವರಣೆ ಇದೇ. ಆದರೆ ಹೀಗೆ ಹಿಂದಕ್ಕೆ ಹರಿಯುವುದು ಬಹುಪಾಲು ಹೆಂಗಸರಲ್ಲಿ ಆಗುತ್ತದೆ, ಕಾಯಿಲೆ ಬರುವುದು ಕೆಲವರಿಗೆ ಮಾತ್ರ. ಹಾಗಾಗಿ ರೋಗನಿರೋಧಕ ವ್ಯವಸ್ಥೆ, ಅನುವಂಶೀಯತೆ ಕೂಡ ಪಾತ್ರ ವಹಿಸುತ್ತವೆ. ಮುಟ್ಟಾದಾಗ ತಲೆಸ್ನಾನ ಮಾಡಿದ್ದು, ತಣ್ಣೀರು ಕುಡಿದದ್ದು, ಭಾರ ಎತ್ತಿದ್ದು ಕಾರಣವಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮಗುವಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ. 10ರಷ್ಟು ಮಂದಿಗೆ, ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಿಗೆ ಈ ಕಾಯಿಲೆ ಇದೆ. ನೋವು ಶುರುವಾದ ಮೇಲೆ ಹೆಸರು ಗೊತ್ತಾಗುವುದಕ್ಕೆ 4ರಿಂದ 12 ವರ್ಷ ಹಿಡಿಯುತ್ತದೆ ಎಂದೂ ಅದೇ ಸಂಸ್ಥೆ ಹೇಳುತ್ತದೆ. ಇಷ್ಟು ವರ್ಷ ಯಾಕೆ ಎಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ‘ಎಲ್ಲರಿಗೂ ಆಗುತ್ತೆ, ಸ್ವಲ್ಪ ಸಹಿಸಿಕೋ’ ಎನ್ನುವುದು ಮನೆಯ ಮಾತು. ‘ಮದುವೆಯಾದರೆ ಸರಿಹೋಗುತ್ತೆ’ ಎನ್ನುವುದು ಕೆಲವು ಸಲ ಆಸ್ಪತ್ರೆಯಲ್ಲೂ ಕೇಳಿಬರುವ ಮಾತು. ಅದರ ಜೊತೆಗೆ ಇನ್ನೊಂದು ಕಾರಣವಿದೆ: ಪೊರೆ ತೆಳ್ಳಗೆ ಅಲ್ಲಲ್ಲಿ ಹರಡಿದ್ದರೆ ಅದು ಸಾಮಾನ್ಯ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ‘ಸ್ಕ್ಯಾನ್ ನಾರ್ಮಲ್’ ಎಂದರೆ ಕಾಯಿಲೆ ಇಲ್ಲ ಎಂದಲ್ಲ. ನೋವಿನ ತೀವ್ರತೆಗೂ ಕಾಯಿಲೆಯ ಹರಡುವಿಕೆಗೂ ತಾಳೆಯಾಗುವುದಿಲ್ಲ ಎಂಬುದು ಇನ್ನೂ ಗೊಂದಲದ ಸಂಗತಿ. ದೊಡ್ಡ ಸಿಸ್ಟ್ ಇದ್ದವರು ಆರಾಮಾಗಿ ಓಡಾಡಿಕೊಂಡಿರಬಹುದು, ಸಣ್ಣ ಚುಕ್ಕೆಗಳಿದ್ದವರು ತಿಂಗಳಲ್ಲಿ ಮೂರು ದಿನ ನೆಲ ಹಿಡಿಯಬಹುದು.

ಹಾರ್ಮೋನ್ ಕೊಟ್ಟರೆ ನೋವು ಹೇಗೆ ಇಳಿಯುತ್ತದೆ?

ಈ ಪೊರೆಗೆ ಗೊಬ್ಬರ ಎಂದರೆ ಈಸ್ಟ್ರೊಜೆನ್. ಅದನ್ನು ಮಾಡುವುದು ಮುಖ್ಯವಾಗಿ ಅಂಡಾಶಯ. ಹಾಗಾಗಿ ನೋವಿನ ಹಾರ್ಮೋನ್ ಚಿಕಿತ್ಸೆಗಳೆಲ್ಲ ಸುತ್ತಿಬಳಸಿ ಮಾಡುವ ಕೆಲಸ ಎರಡೇ: ಅಂಡಾಶಯವನ್ನು ವಿಶ್ರಾಂತಿಗೆ ಕಳಿಸುವುದು, ಅಥವಾ ಪೊರೆ ಬೆಳೆಯದಂತೆ ನೇರವಾಗಿ ತಡೆಯುವುದು.

ಗರ್ಭನಿರೋಧಕ ಮಾತ್ರೆಗಳು ಇದರಲ್ಲಿ ಹಳೆಯವು. ಎರಡು ಹಾರ್ಮೋನ್ ಸೇರಿದ ಈ ಮಾತ್ರೆಯನ್ನು ನಡುವೆ ಬಿಡದೆ ತೆಗೆದುಕೊಂಡರೆ ಮುಟ್ಟೇ ಬಾರದು, ನೋವೂ ಕಡಿಮೆ. ಸೆಳಕು ಬೆಳಕು ಕಂಡು ತಲೆನೋವು ಬರುವ ಮೈಗ್ರೇನ್ ಇರುವವರಿಗೆ, ರಕ್ತ ಹೆಪ್ಪುಗಟ್ಟಿದ ಇತಿಹಾಸವಿರುವವರಿಗೆ, ಬಿಪಿ ಜಾಸ್ತಿ ಇರುವವರಿಗೆ ಇದು ಆಗಿಬರುವುದಿಲ್ಲ. ಹಾಗಾಗಿ ಅಕ್ಕನ ಚೀಟಿ ತೋರಿಸಿ ತಂಗಿ ಮೆಡಿಕಲ್ ಸ್ಟೋರಿನಿಂದ ತರುವುದು ಅಪಾಯ.

ಪ್ರೊಜೆಸ್ಟರಾನ್ ಬಗೆಯ ಔಷಧಿಗಳಲ್ಲಿ ಡೈನೊಜೆಸ್ಟ್ ಈಗ ನಮ್ಮಲ್ಲೂ ಹೆಚ್ಚು ಬರೆಯಲಾಗುವ ಮಾತ್ರೆ. ದಿನಕ್ಕೆ 2 ಮಿಲಿಗ್ರಾಂ. ಮೊದಲ ಕೆಲವು ತಿಂಗಳು ಹೊತ್ತಲ್ಲದ ಹೊತ್ತಿನಲ್ಲಿ ಚೂರುಚೂರು ರಕ್ತ ಕಾಣಿಸುವುದು ಸಾಮಾನ್ಯ. ಬಹಳ ಮಂದಿ ‘ಮಾತ್ರೆ ಒಗ್ಗಲಿಲ್ಲ’ ಎಂದು ನಿಲ್ಲಿಸಿಬಿಡುವುದು ಇಲ್ಲೇ. ಕೆಲವರಿಗೆ ತಲೆನೋವು, ಮನಸ್ಸು ಮಂಕಾಗುವುದು ಇರುತ್ತದೆ. ಮನಸ್ಸಿನ ಬದಲಾವಣೆಯನ್ನು ಹಗುರವಾಗಿ ತೆಗೆದುಕೊಳ್ಳದೆ ವೈದ್ಯರಿಗೆ ಹೇಳಬೇಕು. ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನವೂ ಇದೇ ಜಾತಿಗೆ ಸೇರಿದ್ದು. ಆದರೆ ವರ್ಷದೊಳಗೆ ಮಗು ಬೇಕೆನ್ನುವವರಿಗೆ ಅದನ್ನು ಸಾಮಾನ್ಯವಾಗಿ ಇಡುವುದಿಲ್ಲ.

ಮೂರನೆಯದು ಇಂಜೆಕ್ಷನ್. ಲ್ಯುಪ್ರೊಲೈಡ್ ಎಂಬ ಔಷಧಿ ತಿಂಗಳಿಗೊಮ್ಮೆ 3.75 ಮಿಲಿಗ್ರಾಂ, ಇಲ್ಲವೇ ಮೂರು ತಿಂಗಳಿಗೊಮ್ಮೆ 11.25 ಮಿಲಿಗ್ರಾಂ. ಇದು ಕೆಲಸ ಮಾಡುವ ಬಗೆ ಸೊಗಸಾಗಿದೆ. ನಮ್ಮ ಮೆದುಳಿನಲ್ಲಿ ಹೈಪೊಥಲಾಮಸ್ ಎಂಬ ಭಾಗ ಒಂದೂವರೆ ಗಂಟೆಗೊಮ್ಮೆ, ಕೆಲವೊಮ್ಮೆ ಇನ್ನೂ ಬೇಗ ಬೇಗ, ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಾಗಿಲು ತಟ್ಟಿದಂತೆ ಬಿಟ್ಟು ಬಿಟ್ಟು ಸುರಿಸುತ್ತದೆ. ಆ ತಟ್ಟುವಿಕೆಗೆ ಪಿಟ್ಯುಟರಿ ಗ್ರಂಥಿ ಓಗೊಟ್ಟು ಅಂಡಾಶಯವನ್ನು ಎಬ್ಬಿಸುತ್ತದೆ. ಈ ಹಾರ್ಮೋನಿನ ರಚನೆ ಕಂಡುಹಿಡಿಯುವುದರಲ್ಲಿ ಪಾಲಿದ್ದ ಗಿಲ್ಮಾ ಮತ್ತು ಶಾಲಿ ಎಂಬ ವಿಜ್ಞಾನಿಗಳಿಗೆ 1977ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಲ್ಯುಪ್ರೊಲೈಡ್ ಕೂಡ ಅದೇ ಹಾರ್ಮೋನಿನ ನಕಲು, ಆದರೆ ಬಿಟ್ಟು ಬಿಟ್ಟು ತಟ್ಟದೆ ಕರೆಗಂಟೆಯನ್ನು ಒತ್ತಿ ಹಿಡಿದ ಹಾಗೆ. ಮೊದಲ ಒಂದೆರಡು ವಾರ ಪಿಟ್ಯುಟರಿ ಗಾಬರಿಯಿಂದ ಹೆಚ್ಚೇ ಕೆಲಸ ಮಾಡುತ್ತದೆ, ಆಮೇಲೆ ಕಿವುಡಾಗುತ್ತದೆ. ಅಂಡಾಶಯ ಮಲಗುತ್ತದೆ. ಈ ಕಾರಣಕ್ಕೇ ಇಂಜೆಕ್ಷನ್ ಹಾಕಿಸಿದ ಮೊದಲ ದಿನಗಳಲ್ಲಿ ನೋವು ಹೆಚ್ಚಾದರೆ ಗಾಬರಿಯಾಗಬೇಕಿಲ್ಲ.

ಈಸ್ಟ್ರೊಜೆನ್ ಇಳಿದಾಗ ಮುಟ್ಟು ನಿಲ್ಲುವ ವಯಸ್ಸಿನವರಿಗೆ ಆಗುವುದೆಲ್ಲ ಇಲ್ಲೂ ಆಗುತ್ತದೆ: ಮೈ ಬಿಸಿಯೇರುವುದು, ಬೆವರು, ನಿದ್ದೆಗೇಡು, ಯೋನಿ ಒಣಗುವುದು, ಮೂಳೆ ಸವೆಯುವುದು. ಮೂಳೆ ಉಳಿಸಿಕೊಳ್ಳಲು ಜೊತೆಗೆ ಸ್ವಲ್ಪ ಪ್ರಮಾಣದ ಹಾರ್ಮೋನನ್ನು ವಾಪಸ್ ಕೊಡುತ್ತಾರೆ. ‘ಒಂದು ಕೈಯಲ್ಲಿ ಹಾರ್ಮೋನ್ ನಿಲ್ಲಿಸಿ ಇನ್ನೊಂದು ಕೈಯಲ್ಲಿ ಅದನ್ನೇ ಕೊಡುತ್ತಾರೆ, ದುಡ್ಡು ಮಾಡುವ ದಂಧೆ’ ಎಂಬ ಸಂದೇಶ ನಿಮಗೂ ಬಂದಿದ್ದರೆ, ಉತ್ತರ ಇದು: ಪೊರೆಯನ್ನು ಬೆಳೆಸಲು ಬೇಕಾದ ಈಸ್ಟ್ರೊಜೆನ್ ಜಾಸ್ತಿ, ಮೂಳೆ ಉಳಿಸಲು ಬೇಕಾದದ್ದು ಕಡಿಮೆ. ನಡುವಿನ ಆ ಅಂತರದಲ್ಲಿ ಚಿಕಿತ್ಸೆ ನಡೆಯುತ್ತದೆ. ಇದೇ ಕೆಲಸವನ್ನು ಮೊದಲ ದಿನಗಳ ಏರಿಕೆ ಇಲ್ಲದೆ ಮಾಡುವ ಮಾತ್ರೆಗಳೂ ಬಂದಿವೆ. ಅಮೆರಿಕದಲ್ಲಿ ಎಲಗೊಲಿಕ್ಸ್‌ಗೆ 2018ರಲ್ಲಿ, ರೆಲುಗೊಲಿಕ್ಸ್ ಇರುವ ಸಂಯುಕ್ತ ಮಾತ್ರೆಗೆ 2022ರಲ್ಲಿ ಎಂಡೊಮೆಟ್ರಿಯೋಸಿಸ್ ನೋವಿಗೆ ಅನುಮತಿ ಸಿಕ್ಕಿತು.

ಗಮನಿಸಿ, ಇವುಗಳಲ್ಲಿ ಯಾವುದೂ ಕಾಯಿಲೆಯನ್ನು ಬುಡಸಹಿತ ಕೀಳುವುದಿಲ್ಲ. ಪೊರೆ ಕುಗ್ಗುತ್ತದೆ, ಸುಮ್ಮನಿರುತ್ತದೆ. ಔಷಧಿ ನಿಲ್ಲಿಸಿದ ಮೇಲೆ ಬಹಳ ಮಂದಿಗೆ ನೋವು ಮರಳುತ್ತದೆ.

ಹಾಗಾದರೆ ಮಗು?

ಇಲ್ಲಿಗೆ ಬಂತು ನಿಜವಾದ ಇಕ್ಕಟ್ಟು. ನೋವು ಇಳಿಸುವ ಈ ಔಷಧಿಗಳು ಅಂಡ ಬಿಡುಗಡೆಯಾಗುವುದನ್ನೇ ತಡೆಯುತ್ತವೆ. ಅಂಡವಿಲ್ಲದೆ ಗರ್ಭವಿಲ್ಲ. ನೋವು ಬೇಡ, ಮಗು ಬೇಕು ಎನ್ನುವ ಹೆಣ್ಣಿಗೆ ಒಂದೇ ತಿಂಗಳಲ್ಲಿ ಎರಡನ್ನೂ ಕೊಡುವ ಹಾರ್ಮೋನ್ ಚಿಕಿತ್ಸೆ ಇವತ್ತಿಗೆ ಇಲ್ಲ. ಹೆದರಿಸುವ ಸಂದೇಶದಲ್ಲಿರುವ ನಿಜದ ಎಳೆ ಇದು: ಔಷಧಿ ತೆಗೆದುಕೊಳ್ಳುತ್ತಿರುವ ದಿನಗಳಲ್ಲಿ ಗರ್ಭ ನಿಲ್ಲುವ ಸಂಭವ ತೀರಾ ಕಡಿಮೆ.

ಸುಳ್ಳು ಶುರುವಾಗುವುದು ‘ಆಮೇಲೆಯೂ’ ಎಂಬಲ್ಲಿಂದ. ಡೈನೊಜೆಸ್ಟ್ ನಿಲ್ಲಿಸಿದ ಎರಡು ತಿಂಗಳೊಳಗೆ ಸಾಮಾನ್ಯವಾಗಿ ಮುಟ್ಟಿನ ಚಕ್ರ ಮೊದಲಿನಂತಾಗುತ್ತದೆ. ಗರ್ಭನಿರೋಧಕ ಮಾತ್ರೆ ಬಿಟ್ಟ ಮೇಲೂ ಹೆಚ್ಚಿನವರಿಗೆ ಬೇಗನೇ ಚಕ್ರ ಮರಳುತ್ತದೆ. ಲ್ಯುಪ್ರೊಲೈಡ್‌ನದು ಸ್ವಲ್ಪ ನಿಧಾನ, ಕೊನೆಯ ಇಂಜೆಕ್ಷನ್ನಿನ ಪರಿಣಾಮ ಇಳಿದ ಮೇಲೆ ಕೆಲವು ವಾರಗಳಿಂದ ಒಂದೆರಡು ತಿಂಗಳು ಬೇಕು. ಗರ್ಭಕೋಶ ‘ಒಣಗುವುದಿಲ್ಲ’. ಒಳಪೊರೆ ತೆಳ್ಳಗಾಗಿರುತ್ತದೆ, ಹಾರ್ಮೋನ್ ಮರಳಿದಾಗ ಮತ್ತೆ ಬೆಳೆಯುತ್ತದೆ. ಮಾತ್ರೆ ಬಿಟ್ಟ ಮೇಲೂ ಮಗುವಾಗದಿದ್ದರೆ ಕಾರಣ ಮಾತ್ರೆಯಲ್ಲ, ಬಹುಪಾಲು ಮಾತ್ರೆ ಕೊಡಲು ಕಾರಣವಾದ ಕಾಯಿಲೆಯೇ. ಎಂಡೊಮೆಟ್ರಿಯೋಸಿಸ್ ಇರುವವರಲ್ಲಿ ಶೇ. 30ರಿಂದ 50ರಷ್ಟು ಮಂದಿಗೆ ಗರ್ಭ ಧರಿಸುವುದು ಕಷ್ಟವಾಗಬಹುದು ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಅದರ ಅರ್ಥ, ಉಳಿದವರಿಗೆ ಹೆಚ್ಚು ತೊಂದರೆಯಿಲ್ಲದೆ ಆಗುತ್ತದೆ ಎಂದು ಕೂಡ.

ಹಾಗೆಂದು ‘ಕೆಲವು ತಿಂಗಳು ಅಂಡಾಶಯಕ್ಕೆ ವಿಶ್ರಾಂತಿ ಕೊಟ್ಟು ಆಮೇಲೆ ಪ್ರಯತ್ನಿಸಿದರೆ ಸಹಜವಾಗಿ ಬೇಗ ಆಗುತ್ತದೆ’ ಎಂಬುದೂ ನಿಜವಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಹಾಕಿ ತೂಗುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಜಾಲ 2007ರಲ್ಲಿ ಇದನ್ನು ಪರಿಶೀಲಿಸಿ, ಅಂಡೋತ್ಪತ್ತಿ ನಿಲ್ಲಿಸುವ ಔಷಧಿಗಳಿಂದ ಆಮೇಲೆ ಸಹಜವಾಗಿ ಗರ್ಭ ನಿಲ್ಲುವ ಸಂಭವ ಹೆಚ್ಚುವುದಿಲ್ಲ ಎಂದಿತು. ಯುರೋಪಿನ ಸಂತಾನ ವೈದ್ಯರ ಸಂಘಟನೆಯಾದ ಎಶ್ರೆಯ 2022ರ ಮಾರ್ಗಸೂಚಿ ಕೂಡ ಗರ್ಭ ನಿಲ್ಲಲೆಂದೇ ಈ ಔಷಧಿ ಕೊಡಬೇಡಿ ಎನ್ನುತ್ತದೆ. ಆಪರೇಷನ್ ಆದ ಮೇಲೂ ಅಷ್ಟೆ: ಕೂಡಲೇ ಮಗುವಿಗಾಗಿ ಪ್ರಯತ್ನಿಸುವವರಿಗೆ, ಗರ್ಭದ ಸಂಭವ ಹೆಚ್ಚಿಸುವ ಒಂದೇ ಉದ್ದೇಶಕ್ಕೆ ಇಂಜೆಕ್ಷನ್ ಬೇಡ. ಸದ್ಯಕ್ಕೆ ಮಗು ಬೇಡ ಎನ್ನುವವರಿಗೆ ಮಾತ್ರ ಅದು ಉಪಯುಕ್ತ, ಯಾಕೆಂದರೆ ನೋವು ಮರಳುವುದು ತಡವಾಗುತ್ತದೆ.

ಐವಿಎಫ್‌ಗೆ ಮುಂಚಿನ ಮೂರು ತಿಂಗಳು

ಸಹಜ ಗರ್ಭದ ಮಾತು ಅಲ್ಲಿಗೆ ಮುಗಿಯಿತು. ಐವಿಎಫ್ ವಿಷಯ ಹಾಗಲ್ಲ. ಆಸೆ ಹುಟ್ಟಿಸುವ ಸಂದೇಶ ಗಾಳಿಯಿಂದ ಹುಟ್ಟಿದ್ದಲ್ಲ, ಅದಕ್ಕೊಂದು ಗೌರವದ ಮೂಲವೇ ಇದೆ.

2006ರಲ್ಲಿ ಅದೇ ಕಾಕ್ರೇನ್ ಇನ್ನೊಂದು ವಿಮರ್ಶೆ ಪ್ರಕಟಿಸಿತು. ಐವಿಎಫ್‌ಗೆ ಮುಂಚೆ 3ರಿಂದ 6 ತಿಂಗಳು ಲ್ಯುಪ್ರೊಲೈಡ್ ಬಗೆಯ ಇಂಜೆಕ್ಷನ್ ಕೊಟ್ಟರೆ ಗರ್ಭ ನಿಲ್ಲುವ ಸಾಧ್ಯತೆ ನಾಲ್ಕು ಪಟ್ಟಿಗಿಂತ ಹೆಚ್ಚಾಗುತ್ತದೆ ಎಂಬುದು ಅದರ ಲೆಕ್ಕ. ನಾಲ್ಕು ಪಟ್ಟು ಎಂದರೆ ಯಾರು ಬೇಡವೆನ್ನುತ್ತಾರೆ? ಜಗತ್ತಿನಾದ್ಯಂತ ಕ್ಲಿನಿಕ್ಕುಗಳು ಇದನ್ನು ಅನುಸರಿಸಿದವು. ಯುರೋಪಿನ ಹಿಂದಿನ ಮಾರ್ಗಸೂಚಿಯೂ ಕೊಡಬಹುದು ಎಂದಿತು. ಆದರೆ ಆ ಲೆಕ್ಕದ ಹಿಂದೆ ಇದ್ದದ್ದು ಮೂರು ಪ್ರಯೋಗಗಳು, ಮೂರೂ ಸೇರಿ 165 ಹೆಂಗಸರು. ಒಂದು ಊರಿನ ಮಳೆ ನೋಡಿ ರಾಜ್ಯದ ಬೆಳೆ ಹೇಳಿದ ಹಾಗೆ.

2019ರಲ್ಲಿ ಕಾಕ್ರೇನ್ ಮತ್ತೆ ತೂಗಿತು. ಈ ಸಲ 8 ಪ್ರಯೋಗ, 640 ಹೆಂಗಸರು. ನಾಲ್ಕು ಪಟ್ಟಿನ ಮಾತು ನಿಲ್ಲಲಿಲ್ಲ. ಯಾರಿಗಾದರೂ ನಿಜವಾಗಿ ಬೇಕಾದ ಲೆಕ್ಕ, ಅಂದರೆ ಮಗು ಹುಟ್ಟಿ ಮನೆಗೆ ಬಂತೇ ಎಂಬುದು, ಚಿಕಿತ್ಸೆ ಕೊಟ್ಟವರನ್ನೂ ಕೊಡದವರನ್ನೂ ಹೋಲಿಸುವಾಗ ಒಂದೇ ಒಂದು ಪ್ರಯೋಗದಲ್ಲಿ ಸಿಕ್ಕಿತು, ಅದೂ ಇಂಜೆಕ್ಷನ್ನಿನ ಪರವಾಗಿ ಇರಲಿಲ್ಲ. ಪುರಾವೆಯ ಗುಣಮಟ್ಟ ತೀರಾ ಕಡಿಮೆ, ಲಾಭವಿದೆಯೋ ಇಲ್ಲವೋ ಹೇಳಲಾಗದು ಎಂದು ವಿಮರ್ಶಕರು ಬರೆದರು. 2022ರಲ್ಲಿ ಎಶ್ರೆ ತನ್ನ ಸಲಹೆಯನ್ನೇ ತಿರುಗಿಸಿತು: ಮಗು ಹುಟ್ಟುವ ಸಂಭವ ಹೆಚ್ಚಿಸಲೆಂದು ಐವಿಎಫ್‌ಗೆ ಮುಂಚೆ ದೀರ್ಘಕಾಲ ಈ ಇಂಜೆಕ್ಷನ್ ಕೊಡುವುದನ್ನು ಶಿಫಾರಸು ಮಾಡುವುದಿಲ್ಲ, ಲಾಭ ಖಚಿತವಿಲ್ಲ. ಗರ್ಭನಿರೋಧಕ ಮಾತ್ರೆ ಅಥವಾ ಡೈನೊಜೆಸ್ಟ್‌ನಂಥವನ್ನು ದೀರ್ಘಕಾಲ ಕೊಡುವುದಕ್ಕೂ ಸಾಕಷ್ಟು ಪುರಾವೆ ಇಲ್ಲ.

‘ವಿಜ್ಞಾನಿಗಳು ಇವತ್ತೊಂದು ಹೇಳುತ್ತಾರೆ ನಾಳೆ ಇನ್ನೊಂದು’ ಎಂದು ಇದನ್ನು ಓದಿ ಅನ್ನಿಸಬಹುದು. ನಮಗೆ ಹಾಗೆ ಕಾಣುವುದಿಲ್ಲ. 165 ಜನರ ಲೆಕ್ಕವನ್ನು 640 ಜನರ ಲೆಕ್ಕ ತಿದ್ದಿತು, ನಡೆಯಬೇಕಾದದ್ದೇ ಅದು. ಬೇಸರದ ಸಂಗತಿ ಬೇರೆ: ತಿದ್ದಿದ ಸುದ್ದಿ ಫಾರ್ವರ್ಡ್ ಆಗುವುದಿಲ್ಲ. 2006ರ ನಾಲ್ಕು ಪಟ್ಟು ಮಾತ್ರ ಇನ್ನೂ ಊರೂರು ಸುತ್ತುತ್ತಿದೆ.

ಇಲ್ಲಿ ಇನ್ನೊಂದು ಗೊಂದಲ ಬಿಡಿಸಬೇಕು. ಐವಿಎಫ್ ನಡೆಯುವಾಗಲೇ ಇದೇ ಜಾತಿಯ ಇಂಜೆಕ್ಷನ್ನುಗಳನ್ನು ಕೆಲವು ದಿನ ಅಥವಾ ಎರಡು ಮೂರು ವಾರ ಕೊಡುತ್ತಾರೆ. ಅದು ಅಂಡಗಳು ಹೊರತೆಗೆಯುವ ಮುಂಚೆಯೇ ತಾವಾಗಿ ಬಿಡುಗಡೆಯಾಗಿಬಿಡದಿರಲಿ ಎಂದು. ಐವಿಎಫ್‌ನ ಮಾಮೂಲು ಭಾಗ, ಎಂಡೊಮೆಟ್ರಿಯೋಸಿಸ್ ಇಲ್ಲದವರಿಗೂ ಕೊಡುತ್ತಾರೆ. ಅದನ್ನು ಕಂಡು ‘ಬೇಡ ಎಂದು ಓದಿದ್ದೆವಲ್ಲ’ ಎಂದು ಜಗಳಕ್ಕೆ ನಿಲ್ಲಬೇಡಿ. ನಾವು ಮಾತಾಡುತ್ತಿರುವುದು ಅದಕ್ಕೂ ಮುಂಚಿನ ಮೂರು, ಆರು ತಿಂಗಳ ಬಗ್ಗೆ.

ಹಾಗಾದರೆ ಯಾರಿಗೂ ಬೇಡವೇ?

ಬೇಕಾಗಬಹುದು. ಕೇಳಬೇಕಾದ ಪ್ರಶ್ನೆ, ಯಾವ ಕಾರಣಕ್ಕೆ ಎಂಬುದು. ನೋವಿಗಾಗಿ ಕೊಡುವುದು ಬೇರೆ, ಯಶಸ್ಸಿಗಾಗಿ ಕೊಡುವುದು ಬೇರೆ. ಮೊದಲನೆಯದಕ್ಕೆ ಪುರಾವೆ ಗಟ್ಟಿ, ಎರಡನೆಯದಕ್ಕೆ ಟೊಳ್ಳು.

ಇಬ್ಬರನ್ನು ಕಲ್ಪಿಸಿಕೊಳ್ಳಿ. ಒಬ್ಬಾಕೆಗೆ 29 ವರ್ಷ. ಅಂಡಾಶಯದಲ್ಲಿ ಅಂಡಗಳ ಸಂಗ್ರಹ ಚೆನ್ನಾಗಿದೆ. ಐವಿಎಫ್‌ಗೆ ದುಡ್ಡು ಹೊಂದಿಸುವುದಕ್ಕೆ ಇನ್ನೂ ಎಂಟು ತಿಂಗಳು ಬೇಕು, ಗಂಡ ದುಬೈಯಿಂದ ಬರುವುದೂ ಆಗಲೇ. ಈಕೆಗೆ ಪ್ರತಿ ತಿಂಗಳು ಮೂರು ದಿನ ಕೆಲಸಕ್ಕೆ ಹೋಗಲಾಗದಷ್ಟು ನೋವು. ಆ ಎಂಟು ತಿಂಗಳು ಡೈನೊಜೆಸ್ಟ್ ತೆಗೆದುಕೊಂಡರೆ ಆಕೆ ಕಳೆದುಕೊಳ್ಳುವುದು ಹೆಚ್ಚೇನೂ ಇಲ್ಲ. ಹೇಗೂ ಕಾಯಬೇಕಿತ್ತು, ನರಳದೆ ಕಾಯುತ್ತಾಳೆ. ಇನ್ನೊಬ್ಬಾಕೆಗೆ 38. ಎರಡೂ ಕಡೆ ಚಾಕೊಲೇಟ್ ಸಿಸ್ಟ್, ಅಂಡಗಳ ಸಂಗ್ರಹ ಕಡಿಮೆ, ನೋವು ಸಹಿಸುವಷ್ಟು. ಈಕೆಗೆ ‘ಮೊದಲು ಆರು ತಿಂಗಳು ಇಂಜೆಕ್ಷನ್, ಆಮೇಲೆ ನೋಡೋಣ’ ಎಂದರೆ ಆ ಆರು ತಿಂಗಳ ಬೆಲೆ ಬಹಳ ದೊಡ್ಡದು. ಔಷಧಿ ಅಂಡಗಳನ್ನು ಕಾಪಿಡುವುದಿಲ್ಲ. ಅಂಡಾಶಯ ಮಲಗಿದ್ದರೂ ವಯಸ್ಸು ಮಲಗುವುದಿಲ್ಲ. ಜೊತೆಗೆ ಗಾಢವಾಗಿ ಮಲಗಿಸಿದ ಅಂಡಾಶಯವನ್ನು ಎಬ್ಬಿಸಲು ಕೆಲವರಿಗೆ ಹೆಚ್ಚು ದಿನ, ಹೆಚ್ಚು ಡೋಸಿನ ಇಂಜೆಕ್ಷನ್ ಬೇಕಾಗುತ್ತದೆ, ಖರ್ಚೂ ಏರುತ್ತದೆ.

ಎರಡನೆಯ ಬಗೆಯವರಿಗೆ ವೈದ್ಯರು ಈಗ ಹಿಡಿಯುವ ಇನ್ನೊಂದು ದಾರಿ ಇದೆ. ಮೊದಲು ಅಂಡ ತೆಗೆದು ಭ್ರೂಣ ಮಾಡಿ ಘನೀಕರಿಸಿ ಇಡುವುದು. ಭ್ರೂಣ ಫ್ರೀಜರ್ ಸೇರಿದ ಮೇಲೆ ಅದರ ವಯಸ್ಸು ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ನೋವಿಗೆ ಬೇಕಿದ್ದರೆ ಎರಡು ಮೂರು ತಿಂಗಳು ಹಾರ್ಮೋನ್ ಕೊಟ್ಟು, ಕಾಯಿಲೆ ತಣ್ಣಗಾದ ಮೇಲೆ ಭ್ರೂಣ ವರ್ಗಾಯಿಸುವುದು. ಗರ್ಭಕೋಶದ ಗೋಡೆಯೊಳಗೇ ಪೊರೆ ಬೆಳೆಯುವ ಅಡೆನೊಮಯೋಸಿಸ್ ಜೊತೆಗಿದ್ದವರಲ್ಲಿ ಇದನ್ನು ಹೆಚ್ಚು ಬಳಸುತ್ತಾರೆ. ಇದರಿಂದ ಯಶಸ್ಸು ಹೆಚ್ಚುತ್ತದೆ ಎಂಬುದಕ್ಕೂ ಗಟ್ಟಿ ಪುರಾವೆ ಇನ್ನೂ ಬರಬೇಕು. ಆದರೆ ಕಾಯುವುದರಿಂದ ಅಂಡಗಳು ಕಳೆಯುವ ಭಯವಂತೂ ಇಲ್ಲ, ನಮ್ಮ ದೃಷ್ಟಿಯಲ್ಲಿ ಅದೇ ದೊಡ್ಡ ಲಾಭ. ಅಂಡ ಬೆಳೆಸುವ ದಿನಗಳಲ್ಲೇ ಪ್ರೊಜೆಸ್ಟರಾನ್ ಬಗೆಯ ಮಾತ್ರೆ ಕೊಡುವ ಪದ್ಧತಿಯೂ ಇದೆ, ಎಲ್ಲ ಭ್ರೂಣಗಳನ್ನೂ ಘನೀಕರಿಸುವುದಾದರೆ ಮಾತ್ರ.

ಅಂಡಗಳ ಸಂಗ್ರಹದ ಮಾತು ಬಂದಿದ್ದರಿಂದ ಒಂದು ಎಚ್ಚರಿಕೆ. ಅದನ್ನು ಅಂದಾಜಿಸುವ ಎಎಂಎಚ್ ರಕ್ತ ಪರೀಕ್ಷೆಯ ಸಂಖ್ಯೆ ಗರ್ಭನಿರೋಧಕ ಮಾತ್ರೆ ಅಥವಾ ಈ ಇಂಜೆಕ್ಷನ್ ನಡೆಯುತ್ತಿರುವಾಗ ಇರುವುದಕ್ಕಿಂತ ಕಡಿಮೆ ತೋರಬಹುದು. ಮಾತ್ರೆಯಲ್ಲಿರುವಾಗ ಪರೀಕ್ಷೆ ಮಾಡಿಸಿ, ರಿಪೋರ್ಟ್ ನೋಡಿ ಎದೆಯೊಡೆದುಕೊಂಡು, ‘ಮಾತ್ರೆಯಿಂದಲೇ ಅಂಡ ಖಾಲಿಯಾಯಿತು’ ಎಂದು ಬರೆದ ಸಂದೇಶಗಳ ಹಿಂದೆ ಇರುವುದು ಬಹುಶಃ ಇದೇ. ಸಾಧ್ಯವಿದ್ದರೆ ಚಿಕಿತ್ಸೆ ಶುರು ಮಾಡುವ ಮುಂಚೆಯೇ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಮತ್ತೆ ‘ಮೊದಲು ಸಿಸ್ಟ್ ತೆಗೆಸಿಬಿಡಿ’ ಎಂಬ ಸಲಹೆ? ಕಾಯಿಲೆ ಸಣ್ಣ ಪ್ರಮಾಣದಲ್ಲಿದ್ದು ಸಹಜವಾಗಿ ಪ್ರಯತ್ನಿಸುವವರಿಗೆ ಲ್ಯಾಪರೊಸ್ಕೋಪಿಯಿಂದ ಅನುಕೂಲವಾಗುತ್ತದೆ. ಆದರೆ ಐವಿಎಫ್‌ನಲ್ಲಿ ಯಶಸ್ಸು ಹೆಚ್ಚಲಿ ಎಂದು ಅಂಡಾಶಯದ ಸಿಸ್ಟನ್ನು ರೂಢಿಯಂತೆ ತೆಗೆಯುವುದನ್ನು ಎಶ್ರೆ ಶಿಫಾರಸು ಮಾಡುವುದಿಲ್ಲ. ಸಿಸ್ಟಿನ ಸಿಪ್ಪೆಯ ಜೊತೆಗೆ ಒಳ್ಳೆಯ ಅಂಡಗಳೂ ಹೋಗುತ್ತವೆ. ನೋವು ತಡೆಯಲಾಗದಿದ್ದರೆ, ಅಂಡ ತೆಗೆಯುವ ಸೂಜಿಗೆ ಸಿಸ್ಟ್ ಅಡ್ಡವಾಗಿದ್ದರೆ, ಸ್ಕ್ಯಾನಿನಲ್ಲಿ ಅನುಮಾನವಿದ್ದರೆ ಮಾತು ಬೇರೆ.

ಔಷಧಿ ನಿಲ್ಲಿಸಿದ ಮೇಲೆ ನೋವಿಗೆ ಏನು?

ಮಗುವಿಗಾಗಿ ಮಾತ್ರೆ ಬಿಟ್ಟ ಹೆಣ್ಣುಮಕ್ಕಳು ಹೆಚ್ಚು ಒಂಟಿಯಾಗುವುದು ಈ ದಿನಗಳಲ್ಲಿ. ನೋವು ಮರಳಿರುತ್ತದೆ, ‘ಮಗು ಬೇಕಲ್ವಾ, ತಡ್ಕೋ’ ಎಂಬ ಮಾತು ಸಿದ್ಧವಾಗಿರುತ್ತದೆ. ತಡೆದುಕೊಳ್ಳಬೇಕೆಂಬ ನಿಯಮವೇನೂ ಇಲ್ಲ. ಪ್ಯಾರಸಿಟಮಾಲ್ ಅನ್ನು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಬಹುದು. ಬಿಸಿನೀರಿನ ಚೀಲದ ಶಾಖ ನಿಜವಾಗಿಯೂ ಕೆಲಸ ಮಾಡುತ್ತದೆ. ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್ ಬಗೆಯವು ಮುಟ್ಟಿನ ದಿನಗಳ ನೋವಿಗೆ ಇನ್ನೂ ಚೆನ್ನ, ಆದರೆ ಅಂಡ ಬಿಡುಗಡೆಯಾಗುವ ಹೊತ್ತಿನಲ್ಲಿ ಅವು ಅಂಡದ ಕೋಶ ಒಡೆಯುವುದನ್ನು ತಡೆಯಬಲ್ಲವು. ಹಾಗಾಗಿ ತಿಂಗಳ ನಡುವಿನ ದಿನಗಳಲ್ಲಿ ಅವನ್ನು ತಪ್ಪಿಸಬೇಕು, ಗರ್ಭ ನಿಂತಿರುವ ಸಾಧ್ಯತೆ ಇದ್ದಾಗ ವೈದ್ಯರನ್ನು ಕೇಳದೆ ನುಂಗಬಾರದು. ಸೊಂಟದ ಸ್ನಾಯುಗಳು ವರ್ಷಗಟ್ಟಲೆ ನೋವಿನಿಂದ ಬಿಗಿದುಕೊಂಡಿದ್ದರೆ ಅದಕ್ಕೆಂದೇ ಇರುವ ಫಿಸಿಯೊಥೆರಪಿ ಕೆಲವರಿಗೆ ಒಳ್ಳೆಯದು ಮಾಡುತ್ತದೆ. ಓಮದ ನೀರು, ಮೆಂತ್ಯದ ನೀರು ಕುಡಿದು ಹಿತವೆನಿಸಿದರೆ ಕುಡಿಯಿರಿ, ಅಡುಗೆಮನೆಯ ಪ್ರಮಾಣದಲ್ಲಿ. ಪೊರೆ ಅದರಿಂದ ಕರಗುವುದಿಲ್ಲ. ಹೆಸರಿಲ್ಲದ ಪುಡಿ, ಪಾರ್ಸೆಲ್‌ನಲ್ಲಿ ಬರುವ ‘ಗರ್ಭಶುದ್ಧಿ’ ಔಷಧಿಗಳನ್ನು ಮಾತ್ರ ಐವಿಎಫ್ ಮುಂಚೆ ತೆಗೆದುಕೊಳ್ಳಬೇಡಿ. ಅದರಲ್ಲಿ ಏನಿದೆ ಎಂದು ನಿಮಗೂ ಗೊತ್ತಿಲ್ಲ, ನಿಮ್ಮ ವೈದ್ಯರಿಗೂ ಗೊತ್ತಿಲ್ಲ.

ಐವಿಎಫ್‌ನಲ್ಲಿ ಈಸ್ಟ್ರೊಜೆನ್ ಏರುತ್ತದಲ್ಲ, ಕಾಯಿಲೆ ಉಲ್ಬಣಿಸುವುದಿಲ್ಲವೇ? ನ್ಯಾಯವಾದ ಸಂಶಯ. ಅಂಡ ಬೆಳೆಸುವ ಆ ಹತ್ತು ಹನ್ನೆರಡು ದಿನ ನೋವು ಹೆಚ್ಚಾಗಬಹುದು. ಆದರೆ ಇದುವರೆಗಿನ ಅಧ್ಯಯನಗಳನ್ನು ನೋಡಿ, ಐವಿಎಫ್‌ನಿಂದ ಕಾಯಿಲೆ ಮರುಕಳಿಸುವುದು ಹೆಚ್ಚುವುದಿಲ್ಲ ಎಂದೇ ಎಶ್ರೆ ಹೇಳಿದೆ.

‘ಒಂದು ಮಗುವಾದರೆ ಎಲ್ಲ ಸರಿಹೋಗುತ್ತೆ’

ಇದನ್ನು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಈ ಮಾತಿನಿಂದ ಮದುವೆಗಳೇ ನಿಶ್ಚಯವಾಗಿವೆ. ಗರ್ಭಿಣಿಯಾಗಿದ್ದಾಗ, ಹಾಲುಣಿಸುವಾಗ ಮುಟ್ಟು ನಿಂತಿರುವುದರಿಂದ ಹಲವರಿಗೆ ನೋವು ಕಡಿಮೆಯಾಗುತ್ತದೆ. ಎಲ್ಲರಿಗೂ ಅಲ್ಲ. ಮುಟ್ಟು ಮರಳಿದಾಗ ಕಾಯಿಲೆಯೂ ಮರಳಬಹುದು. ಎಂಡೊಮೆಟ್ರಿಯೋಸಿಸ್‌ಗೆ ಚಿಕಿತ್ಸೆ ಎಂಬ ಒಂದೇ ಕಾರಣಕ್ಕೆ ಗರ್ಭ ಧರಿಸಲು ಸಲಹೆ ಕೊಡಬಾರದು ಎಂದು 2022ರ ಮಾರ್ಗಸೂಚಿ ಸ್ಪಷ್ಟವಾಗಿ ಬರೆದಿದೆ. ಹತ್ತೊಂಬತ್ತು ವರ್ಷದ ಹುಡುಗಿಗೆ ಬೇಕಾಗಿರುವುದು ನೋವಿನ ಔಷಧಿ, ಗಂಡನಲ್ಲ.

ಕ್ಯಾನ್ಸರ್ ಬರುತ್ತದೆ ಎಂಬ ಭಯಕ್ಕೂ ಎರಡು ಮಾತು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಅವಧಿಯಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಸ್ವಲ್ಪ ಏರುತ್ತದೆ, ಬಿಟ್ಟ ಮೇಲೆ ಕ್ರಮೇಣ ಇಳಿಯುತ್ತದೆ. ಅಂಡಾಶಯ ಮತ್ತು ಗರ್ಭಕೋಶದ ಒಳಪೊರೆಯ ಕ್ಯಾನ್ಸರಿನ ಅಪಾಯ ಕಡಿಮೆಯಾಗುತ್ತದೆ. ಸಂದೇಶಗಳಲ್ಲಿ ಮೊದಲರ್ಧ ಮಾತ್ರ ಬರುತ್ತದೆ.

ವೈದ್ಯರ ಮುಂದೆ ಕುಳಿತಾಗ

‘ಈ ಇಂಜೆಕ್ಷನ್ ನನ್ನ ನೋವಿಗೋ, ಐವಿಎಫ್ ಯಶಸ್ಸಿಗೋ?’ ಎಂದು ನೇರವಾಗಿ ಕೇಳಿ. ಯಶಸ್ಸಿಗೆ ಎಂದರೆ, ನನ್ನ ವಯಸ್ಸಿಗೆ, ನನ್ನ ಎಎಂಎಚ್‌ಗೆ ಈ ಮೂರು ತಿಂಗಳು ಕಾಯುವುದು ಸರಿಯೇ, ಮೊದಲೇ ಭ್ರೂಣ ಮಾಡಿಡಬಹುದೇ ಎಂದು ಕೇಳಿ. ಎಷ್ಟು ತಿಂಗಳು, ಮೂಳೆಗೆ ಏನು ಕೊಡುತ್ತೀರಿ, ನಿಲ್ಲಿಸಿದ ಎಷ್ಟು ದಿನಕ್ಕೆ ಮುಂದಿನ ಹೆಜ್ಜೆ ಎಂಬುದನ್ನು ಬರೆಸಿಕೊಳ್ಳಿ. ಡೈನೊಜೆಸ್ಟ್ ತೆಗೆದುಕೊಳ್ಳುವಾಗ ಗರ್ಭ ಬೇಡವಾದರೆ ಕಾಂಡೋಮ್ ಬೇಕೇ ಎಂದೂ ಕೇಳಬೇಕು, ಆ ಮಾತ್ರೆಯನ್ನು ಗರ್ಭನಿರೋಧಕವೆಂದು ಮಾರುವುದಿಲ್ಲ. ಗಂಡನ ವೀರ್ಯ ಪರೀಕ್ಷೆ ಆಗಿದೆಯೇ ನೋಡಿಕೊಳ್ಳಿ. ಹೆಂಡತಿಗೆ ಎರಡು ವರ್ಷ ಚಿಕಿತ್ಸೆ ನಡೆದ ಮೇಲೆ ಗಂಡನಿಗೆ ಮೊದಲ ಪರೀಕ್ಷೆ ಮಾಡಿಸುವ ಮನೆಗಳು ಇನ್ನೂ ಇವೆ.

2021ರ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಐವಿಎಫ್‌ನಂಥ ಚಿಕಿತ್ಸೆಗೆ ಹೆಂಗಸಿನ ವಯಸ್ಸು 21ರಿಂದ 50, ಗಂಡಸಿನದು 21ರಿಂದ 55ರ ಒಳಗಿರಬೇಕು, ಕ್ಲಿನಿಕ್ ನೋಂದಣಿಯಾಗಿರಬೇಕು. ನೋಂದಣಿ ಪತ್ರ ಕೇಳುವುದು ನಿಮ್ಮ ಹಕ್ಕು.

ಚಾಕೊಲೇಟ್ ಸಿಸ್ಟ್ ಇಟ್ಟುಕೊಂಡೇ ಅಂಡ ತೆಗೆಸಿಕೊಂಡವರು ಒಂದು ವಿಷಯ ನೆನಪಿಡಬೇಕು. ಸೂಜಿ ಹೋದ ಜಾಗದಿಂದ ಸಿಸ್ಟಿನೊಳಗೆ ಸೋಂಕು ಸೇರಿ ಕೀವಾಗುವುದು ಅಪರೂಪ, ಆದರೆ ಆಗುತ್ತದೆ. ಅಂಡ ತೆಗೆದ ದಿನದಿಂದ ಮುಂದಿನ ಕೆಲವು ವಾರಗಳಲ್ಲಿ ಜ್ವರ, ಚಳಿ, ಒಂದೇ ಕಡೆ ಹೆಚ್ಚುತ್ತಾ ಹೋಗುವ ಹೊಟ್ಟೆನೋವು ಕಾಣಿಸಿದರೆ ‘ಇದೂ ಎಂಡೊಮೆಟ್ರಿಯೋಸಿಸ್ ನೋವೇ ಇರಬೇಕು’ ಎಂದು ಮಾತ್ರೆ ನುಂಗಿ ಮಲಗದೆ ಅದೇ ದಿನ ಆಸ್ಪತ್ರೆಗೆ ಹೋಗಿ.